ಎಂಟು ಸಾವಿರಕ್ಕೆ ಒಬ್ಬರು

ಶುಕ್ರವಾರ, ಬೆಳಗ್ಗೆ ಒಂಬತ್ತು ಗಂಟೆ

ನನ್ನ ಪಿಟಿಪಿಟಿಗೆ,

ಸೋಮವಾರ ನೀನು ಸರ್ಕಾರದ ಪರವಾಗಿ ಕೋರ್ಟಿನಲ್ಲಿ ಮಾಡಲಿರುವ ವಾದದ ಕರಡು ನಿನ್ನೆ ಕೈಸೇರಿತು. ಎರಡು ಸಲ ಓದಿದೆ. ಮೊದಲ ಸಲ ತಾಯಿಯಾಗಿ ಓದಿದೆ, ಹಿಗ್ಗಿ ಹೀರೇಕಾಯಿಯಾದೆ. ಎರಡನೆಯ ಸಲ ವಕೀಲೆಯಾಗಿ ಓದಿದೆ. ಏಳನೆಯ ಪುಟದಲ್ಲಿ ನಿಂತುಬಿಟ್ಟೆ. ಆಮೇಲೆ ಕನ್ನಡಕ ತೆಗೆದಿಟ್ಟು ತುಂಬ ಹೊತ್ತು ಕಿಟಕಿಯ ಹತ್ತಿರ ಕುಳಿತಿದ್ದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಮಾತಾಡಲು ಬಿಟ್ಟರೆ ತಾನೆ? ನಿನಗೆ ಪಿಟಿಪಿಟಿ ಎಂದು ಹೆಸರಿಟ್ಟದ್ದು ಸುಮ್ಮನೆಯೇ? ಅಲ್ಲದೆ ಇದು ಅರ್ಧಕ್ಕೆ ನಿಲ್ಲಿಸುವ ಮಾತಲ್ಲ, ನಿಲ್ಲಿಸಲು ನೆಪ ಸಿಕ್ಕರೆ ನಾನೇ ನಿಲ್ಲಿಸಿಬಿಡುತ್ತೇನೆ. ನಿನ್ನ ಕಚೇರಿಯ ಟೈಪಿಸ್ಟ್ ಮಧ್ಯಾಹ್ನ ಈ ಕಡೆ ಬರುತ್ತಾಳಂತೆ. ಅವಳ ಕೈಯಲ್ಲಿ ಕಳಿಸುತ್ತೇನೆ. ಸಂಜೆ ಕೋರ್ಟು ಮುಗಿದ ಮೇಲೆ, ಯಾರೂ ಇಲ್ಲದಾಗ ಓದು.

ಕರಡಿನ ಜೊತೆಗಿದ್ದ ನಿನ್ನ ಪತ್ರದ ಉಳಿದ ಸುದ್ದಿಗಳೆಲ್ಲ ಸಂತೋಷದವೇ. ಮನೆಯ ನಲ್ಲಿ ಸರಿಹೋಯಿತು ಎಂದು ಬರೆದಿದ್ದೀಯ, ಒಳ್ಳೆಯದಾಯಿತು. ಭಾನುವಾರ ನೀನು ನಿಮ್ಮಪ್ಪನ ಮನೆಗೆ ಹೋಗಿದ್ದೆಯಂತೆ, ವರ್ಷಗಟ್ಟಲೆ ನಿಂತುಹೋಗಿದ್ದ ಗೋಡೆ ಗಡಿಯಾರ ಈಗ ಓಡುತ್ತಿದೆ, ಯಾರೋ ಒಬ್ಬ ಹಿರಿಯರು ತಾವಾಗಿಯೇ ಬಂದು ಬಿಚ್ಚಿ ಸರಿಮಾಡಿಕೊಟ್ಟರಂತೆ, ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲವಂತೆ ಎಂದೂ ಬರೆದಿದ್ದೀಯ. ಆ ಸಾಲನ್ನೂ ಎರಡು ಸಲ ಓದಿದೆ.

ಈಗ ಏಳನೆಯ ಪುಟಕ್ಕೆ ಬರೋಣ.

ಸೈಕಲ್ ಸವಾರನೊಬ್ಬನಿಗೆ ಲಾರಿ ಗುದ್ದಿ ನಿಲ್ಲಿಸದೆ ಹೋಗಿದೆ. ಸೈಕಲ್ಲಿಗೆ ಮೆತ್ತಿದ ಬಣ್ಣದ ಚೂರು ನಿನ್ನ ಆರೋಪಿಯ ಲಾರಿಯ ಬಣ್ಣಕ್ಕೆ ಹೊಂದುತ್ತದೆ. ಅಂಥ ಬಣ್ಣ, ಅಂಥ ಪದರ, ಹತ್ತು ಸಾವಿರ ವಾಹನಗಳಲ್ಲಿ ಒಂದಕ್ಕೆ ಮಾತ್ರ ಇರುತ್ತದೆ ಎಂದು ತಜ್ಞರು ಹೇಳಿದ್ದಾರೆ. ಇಷ್ಟಕ್ಕೆ ನನ್ನ ತಕರಾರಿಲ್ಲ. ಆದರೆ ಅದರ ಕೆಳಗೆ ನೀನು ಬರೆದಿದ್ದೀಯ: 'ಆದ್ದರಿಂದ ಈ ಚಾಲಕ ನಿರಪರಾಧಿಯಾಗಿರುವ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದು.' ಕೆಂಪು ಶಾಯಿಯಲ್ಲಿ ಅಡಿಗೆರೆ ಬೇರೆ ಎಳೆದಿದ್ದೀಯ.

ಆ 'ಆದ್ದರಿಂದ' ಎಂಬುದನ್ನು ಹೊಡೆದುಹಾಕು. ನಿನ್ನ ಜಿಲ್ಲೆಯಲ್ಲಿ ಎಷ್ಟು ವಾಹನಗಳಿವೆ? ಮೂರು ಲಕ್ಷ ಅರುವತ್ತು ಸಾವಿರ ಎಂದು ನಿನ್ನ ಕರಡಿನ ಎರಡನೆಯ ಪುಟದಲ್ಲೇ ಇದೆ, ಬೇರೆ ಯಾವುದೋ ಕಾರಣಕ್ಕೆ ನೀನೇ ಬರೆದದ್ದು. ಅದನ್ನು ಹತ್ತು ಸಾವಿರದಿಂದ ಭಾಗಿಸು. ಅದೇ ಬಣ್ಣದ ವಾಹನಗಳು ಹೆಚ್ಚೂಕಡಿಮೆ ಮೂವತ್ತಾರು ಇರಬೇಕು. ನಿನ್ನ ಚಾಲಕನದು ಅದರಲ್ಲಿ ಒಂದು. ಬರೀ ಬಣ್ಣವನ್ನೇ ನೋಡಿದರೆ ಅವನು ತಪ್ಪಿತಸ್ಥ ಎನ್ನುವುದಕ್ಕೆ ಮೂವತ್ತಾರರಲ್ಲಿ ಒಂದು ಪಾಲು, ಅಲ್ಲ ಎನ್ನುವುದಕ್ಕೆ ಮೂವತ್ತೈದು ಪಾಲು. ಬಣ್ಣದ ಚೂರು ಸುಳ್ಳಲ್ಲ ಮಗಳೇ. ಅದು ಮೂರೂವರೆ ಲಕ್ಷದಿಂದ ಮೂವತ್ತಾರರ ತನಕ ನಿನ್ನನ್ನು ಕೈಹಿಡಿದು ತಂದು ಬಿಡುತ್ತದೆ. ಅಲ್ಲಿಂದ ಮುಂದಕ್ಕೆ ಬೇರೆ ಸಾಕ್ಷಿಗಳು ನಡೆಸಬೇಕು. ಅವು ಇದ್ದರೆ ವಾದ ಮಾಡು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಕುಳಿತುಕೋ.

ಅಮ್ಮನಿಗೆ ಯಾವಾಗಿನಿಂದ ಇಷ್ಟು ಲೆಕ್ಕ ಬಂತು ಎಂದು ನೀನು ನಗುತ್ತಿರಬಹುದು. ನಿನ್ನ ಹತ್ತನೆಯ ತರಗತಿಯ ಲೆಕ್ಕದ ಪುಸ್ತಕ ಕಂಡರೆ ಅಡುಗೆಮನೆಗೆ ಓಡುತ್ತಿದ್ದವಳು ನಾನು. ಹೌದು, ನನಗೆ ಈ ಒಂದು ಲೆಕ್ಕ ಬರುತ್ತದೆ. ಹದಿನೆಂಟು ವರ್ಷದಿಂದ ಇದೊಂದನ್ನೇ ಮಾಡುತ್ತಿದ್ದೇನೆ.

ನಾನು ಕಾನೂನು ಓದಿದ್ದೇ ಲೆಕ್ಕದಿಂದ ತಪ್ಪಿಸಿಕೊಳ್ಳುವುದಕ್ಕೆ. ನಮ್ಮ ಬಾರ್ ರೂಮಿನಲ್ಲಿ ಅರ್ಧಕ್ಕರ್ಧ ಜನ ಹಾಗೆಯೇ ಬಂದವರು. 'ಲೆಕ್ಕ ಬರ್ತಿದ್ದಿದ್ರೆ ಇಂಜಿನಿಯರ್ ಆಗ್ತಿದ್ದೆ, ಇಲ್ಯಾಕೆ ಈ ಸೆಖೆಲಿ ಕರಿಕೋಟು ಹಾಕ್ಕೊಂಡು ಕೂರ್ತಿದ್ದೆ' ಎನ್ನುವುದು ಒಬ್ಬ ಹಿರಿಯ ವಕೀಲರ ಮಾಮೂಲಿ ಜೋಕು. ನಾವೆಲ್ಲ ನಗುತ್ತಿದ್ದೆವು. ನನಗೆ ಓದಲು ಬಾರದು ಎಂದು ಯಾವ ವಕೀಲನಾದರೂ ನಗುನಗುತ್ತ ಹೇಳಿಕೊಳ್ಳುತ್ತಾನೆಯೇ? ಲೆಕ್ಕ ಬಾರದು ಎಂದು ಹೇಳಿಕೊಳ್ಳುವುದು ಮಾತ್ರ ನಮಗೆ ದೊಡ್ಡಸ್ತಿಕೆಯಾಗಿತ್ತು.

ನನ್ನದೊಂದು ಅಭ್ಯಾಸವಿತ್ತು. ಯಾವ ಕೇಸಿನ ಕಡತ ಬಂದರೂ ಮೊದಲು ಅದರಲ್ಲಿ ಅಂಕಿಗಳಿರುವ ಹಾಳೆಗಳನ್ನು ಬೇರೆ ಮಾಡಿ, ನಾಲ್ಕೂ ಅಂಚಿಗೆ ಗುಂಡುಪಿನ್ನು ಹಾಕಿ ಮುಚ್ಚಿಬಿಡುತ್ತಿದ್ದೆ. ಆ ಹಾಳೆಗಳು ಕಣ್ಣಿಗೆ ಬಿದ್ದರೆ ತಲೆ ಕಲಸಿಹೋಗಿ ಉಳಿದದ್ದನ್ನೂ ಓದಲಾಗುತ್ತಿರಲಿಲ್ಲ. ಸಂಜೆ ಮನೆಗೆ ಬಂದ ಮೇಲೆ ಆ ಕಂತೆಯನ್ನು ನಿಮ್ಮಪ್ಪನ ಮುಂದೆ ಹಾಕುತ್ತಿದ್ದೆ. ಅವರು ಲೆಕ್ಕದ ಮೇಷ್ಟ್ರಲ್ಲವೇ, ಶಾಲೆಯ ಉತ್ತರಪತ್ರಿಕೆಗಳ ಪಕ್ಕದಲ್ಲೇ ಅದನ್ನೂ ಹರಡಿಕೊಂಡು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. 'ಎಷ್ಟು ಅಂತ ಕೇಳ್ಬೇಡ ಕಣೇ, ಎಷ್ಟರಲ್ಲಿ ಅಂತ ಕೇಳು. ಅಷ್ಟು ಕೇಳಿದ್ರೆ ಎಂಥ ತಜ್ಞನೂ ನೀರು ಕುಡೀಲೇಬೇಕು' ಎನ್ನುತ್ತಿದ್ದರು. ಅವರು ಹಾಳೆಯ ಅಂಚಿನಲ್ಲಿ ಬರೆದುಕೊಟ್ಟ ಪ್ರಶ್ನೆಗಳನ್ನು ನಾನು ಮರುದಿನ ಪಾಟೀಸವಾಲಿನಲ್ಲಿ ಕೇಳಿ ಶಹಬ್ಬಾಸ್ ಅನ್ನಿಸಿಕೊಳ್ಳುತ್ತಿದ್ದೆ. ಊರಿಗೆ ನಾನು ಚುರುಕು ವಕೀಲೆ, ಮನೆಯಲ್ಲಿ ಅವರ ದಡ್ಡ ಶಿಷ್ಯೆ. ಅವು ಒಳ್ಳೆಯ ದಿನಗಳು.

ನಿನಗೂ ಅವು ಮಸುಕಾಗಿ ನೆನಪಿರಬೇಕು. ಎಷ್ಟೋ ಸಲ ಊಟದ ನಡುವೆ ಫೋನ್ ಬಂದು ನಿಮ್ಮಪ್ಪ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದರಲ್ಲ, ನೀನು ಅವರ ತಟ್ಟೆಯಿಂದ ನಿನಗೆ ಬೇಕಾದ್ದನ್ನೆಲ್ಲ ಎತ್ತಿಕೊಂಡು ತಿನ್ನುತ್ತಿದ್ದೆ. ಎಲ್ಲಿಗೆ ಎಂದು ಕೇಳಿದರೆ ಶಾಲೆಯ ಕೆಲಸ ಎನ್ನುತ್ತಿದ್ದೆ ನಾನು.

ಹತ್ತೊಂಬತ್ತು ವರ್ಷದ ಹಿಂದೆ ನನಗೊಂದು ಕೊಲೆ ಕೇಸು ಬಂತು. ಹೊಲಿಗೆ ಕಲಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು, ಒಂಟಿಯಾಗಿದ್ದವರು, ಒಂದು ಸಂಜೆ ತಮ್ಮ ಕೋಣೆಯಲ್ಲೇ ಕೊಲೆಯಾಗಿದ್ದರು. ಕಿಟಕಿಯ ಗಾಜು ಒಡೆದು ಯಾರೋ ಒಳಗೆ ಬಂದಿದ್ದ. ಬರುವಾಗ ಕೈ ಕೊಯ್ದುಕೊಂಡು ಪರದೆಗೆ ರಕ್ತ ಒರೆಸಿದ್ದ. ಆ ರಕ್ತದ ಗುಂಪು ಬಹಳ ಅಪರೂಪದ್ದು. ಎರಡು ದಿನದ ಹಿಂದೆ ಅವರ ಗಡಿಯಾರ ರಿಪೇರಿ ಮಾಡಿ ತಂದುಕೊಟ್ಟಿದ್ದವನನ್ನು ಪೊಲೀಸರು ಹಿಡಿದರು. ಅವನ ಹೆಬ್ಬೆರಳಿನಲ್ಲಿ ಗಾಯವಿತ್ತು, ರಕ್ತವೂ ಅದೇ ಗುಂಪಿನದು. ಗಡಿಯಾರ ಬಿಚ್ಚಿ ಜೋಡಿಸುವವನ ಬೆರಳಿನಲ್ಲಿ ಗಾಯವಿಲ್ಲದ ದಿನ ಯಾವುದು? ಈಗಿನ ಹೊಸ ಪರೀಕ್ಷೆಗಳು ಆಗಿನ್ನೂ ಇಲ್ಲಿಗೆ ಬಂದಿರಲಿಲ್ಲ. ಆ ಪರದೆಯನ್ನೂ ಅಪೀಲು ಮುಗಿದ ಮೇಲೆ ಸುಟ್ಟುಹಾಕಿದರು.

ಗಡಿಯಾರದವನು ನನ್ನ ಕಕ್ಷಿದಾರ. ಮೆಲುಮಾತಿನವನು, ನಲವತ್ತು ದಾಟಿರಲಿಲ್ಲ. ಕಟಕಟೆಯಲ್ಲಿ ನಿಂತಾಗಲೂ ಕೋರ್ಟಿನ ಗೋಡೆ ಗಡಿಯಾರ ಎರಡು ನಿಮಿಷ ಹಿಂದಿದೆ ಎಂದು ಅವನಿಗೆ ಚಡಪಡಿಕೆ.

ತಜ್ಞರು ಬಂದರು. ಈ ಗುಂಪು ಎಂಟು ಸಾವಿರ ಜನಕ್ಕೆ ಒಬ್ಬರಲ್ಲಿ ಇರುತ್ತದೆ ಎಂದರು. ಸರ್ಕಾರಿ ವಕೀಲರು ಎದ್ದು ನಿಂತು, ಅಂದರೆ ಈತನನ್ನು ಬಿಟ್ಟು ಬೇರೆಯವರು ಕೊಲೆ ಮಾಡಿರುವ ಸಾಧ್ಯತೆ ಎಂಟು ಸಾವಿರದಲ್ಲಿ ಒಂದು ಮಾತ್ರ ಎಂದರು. ನಿನ್ನ ಏಳನೆಯ ಪುಟವೇ, ಅಕ್ಷರಶಃ. ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಸಾಲಿನಲ್ಲಿ ಅಂದು ಆ ಕೋಣೆಯಲ್ಲಿದ್ದ ನಾವೆಲ್ಲರೂ ಇದ್ದೆವು. ನಮ್ಮೆಲ್ಲರ ಓದು ಸೇರಿಸಿದರೆ ಒಂದು ಗ್ರಂಥಾಲಯವಾಗುತ್ತಿತ್ತು.

ಪಾಟೀಸವಾಲಿಗೆ ನನ್ನನ್ನು ಕರೆದರು. 'ಪ್ರಶ್ನೆಗಳಿಲ್ಲ' ಎಂದೆ.

ಊಟದ ವಿರಾಮದಲ್ಲಿ ಗಡಿಯಾರದವನು ಕಂಬಿಯ ಹತ್ತಿರ ಬಂದು ಪಿಸುಗುಟ್ಟಿದ. 'ಅಮ್ಮಾ, ನಮ್ಮೂರಲ್ಲಿ ಒಟ್ಟು ಎಷ್ಟು ಜನ ಇದಾರೆ?' ಎಂದು ಕೇಳಿದ. ನಾಲ್ಕು ಲಕ್ಷ ಇರಬಹುದು, ಈಗ ಅದೆಲ್ಲ ಯಾಕೆ ಎಂದೆ. 'ಅಲ್ಲ, ಎಂಟು ಸಾವಿರಕ್ಕೆ ಒಬ್ಬರು ಅಂದ್ರಲ್ಲ, ಹಾಗಾದ್ರೆ ನನ್ನಂಥೋರು ಇನ್ನೂ ಇರಬೇಕಲ್ವಾ?' ಎಂದ. ಮೂರನೆಯ ತರಗತಿಗೆ ಶಾಲೆ ಬಿಟ್ಟವನು, ಮಗಳೇ. ಅವನು ಕೈಯಲ್ಲಿಟ್ಟ ಪ್ರಶ್ನೆಯನ್ನು ನಾನು ಮಧ್ಯಾಹ್ನ ಎದ್ದುನಿಂತು ಕೇಳಿದ್ದರೆ ಸಾಕಿತ್ತು. ಅವನ ಮೇಲೆ ರಕ್ತ ಬಿಟ್ಟರೆ ಹೇಳಿಕೊಳ್ಳುವಂಥ ಬೇರೆ ಸಾಕ್ಷಿಯೇ ಇರಲಿಲ್ಲ. 'ಸುಮ್ನಿರು, ಅದನ್ನೆಲ್ಲ ನಾನು ನೋಡ್ಕೋತೀನಿ' ಎಂದೆ.

ಜೀವಾವಧಿ ಜೈಲು ಎಂದು ತೀರ್ಪಾಯಿತು. ಎಂಟು ಸಾವಿರದ ಮಾತು ತೀರ್ಪಿನಲ್ಲಿ ಮೂರು ಕಡೆ ಇದೆ. ಮೇಲಿನ ಕೋರ್ಟಿನಲ್ಲಿ ಅಪೀಲನ್ನು ಬೇರೆ ವಕೀಲರು ನಡೆಸಿದರು. ಕೆಳಗಿನ ಕೋರ್ಟಿನಲ್ಲಿ ಯಾರೂ ಪ್ರಶ್ನಿಸದ ಅಂಕಿಯನ್ನು ಇಲ್ಲಿ ಯಾಕೆ ಪ್ರಶ್ನಿಸುತ್ತೀರಿ ಎಂದು ಅಲ್ಲಿ ಕೇಳಿದರಂತೆ. ಅಲ್ಲಿಗೆ ಮುಗಿಯಿತು.

ಆ ವರದಿಯನ್ನು ನಿಮ್ಮಪ್ಪನಿಗೆ ಏಕೆ ತೋರಿಸಲಿಲ್ಲ ಎಂದು ನೀನು ಕೇಳುತ್ತೀಯ. ಕೇಳಬೇಕಾದ ಪ್ರಶ್ನೆಯೇ. ಜಂಬ, ಅಷ್ಟೇ. ದೊಡ್ಡ ಕೇಸು, ನಾಳೆ ಗೆದ್ದರೆ ಪೆನ್ಸಿಲ್ ಹಿಡಿದವರಿಗೆ ಹೆಸರು ಹೋಗುತ್ತದೆ ಎಂಬ ಸಣ್ಣಬುದ್ಧಿ. ಆ ಹಾಳೆಗಳಿಗೆ ಹಾಕಿದ್ದ ಪಿನ್ನುಗಳನ್ನು ಕೊನೆಯವರೆಗೂ ತೆಗೆಯಲೇ ಇಲ್ಲ. ಕಡತ ಈಗಲೂ ನನ್ನ ಕಪಾಟಿನಲ್ಲಿದೆ. ಪಿನ್ನು ತುಕ್ಕು ಹಿಡಿದು ನಾಲ್ಕೂ ಮೂಲೆಯಲ್ಲಿ ಕಂದು ಕಲೆ ಎದ್ದಿದೆ. ಯಾರಾದರೂ ಎತ್ತಿ ನೋಡಿದರೆ ಸಾಕು, ಈ ಹಾಳೆಗಳನ್ನು ಆರೋಪಿಯ ವಕೀಲೆ ತೆರೆದೇ ನೋಡಿಲ್ಲ ಎಂದು ಗೊತ್ತಾಗುತ್ತದೆ.

ಒಂದು ವರ್ಷದ ನಂತರ, ತೀರ್ಪಿನ ದಿನವೇ, ಜೈಲಿನಿಂದ ಒಂದು ಕಾರ್ಡು ಬಂತು. ಒಂದೇ ಸಾಲು. 'ಅಮ್ಮಾ, ನಾಲ್ಕು ಲಕ್ಷವನ್ನು ಎಂಟು ಸಾವಿರದಿಂದ ಭಾಗಿಸಿದರೆ ಎಷ್ಟು?' ಅಲ್ಲಿನ ಶಾಲೆಯಲ್ಲಿ ಭಾಗಾಕಾರ ಕಲಿತನೆಂದು ಆಮೇಲೆ ತಿಳಿಯಿತು. ನಾನು ಬಾಗಿಲು ಹಾಕಿಕೊಂಡು ಆ ಕಾರ್ಡಿನ ಹಿಂದೆಯೇ ಲೆಕ್ಕ ಮಾಡಿದೆ. ಸೊನ್ನೆಗಳು ಎಲ್ಲೆಲ್ಲೋ ಜಾರಿದವು, ಮೊದಲು ಐದು ಬಂತು, ಆಮೇಲೆ ಐನೂರು. ಮೂರನೆಯ ಸಲ ಐವತ್ತು ಬಂತು. ಐವತ್ತು ಜನ! ಅವನು ಐವತ್ತರಲ್ಲಿ ಒಬ್ಬ. ಎಂಟು ಸಾವಿರಕ್ಕೆ ಒಂದು ಎಂದು ನಾವು ಅವನನ್ನು ಒಳಗೆ ತಳ್ಳಿದ್ದೆವು.

ಉತ್ತರ ಬರೆಯಲಿಲ್ಲ. ಮರುವರ್ಷವೂ ಅದೇ ದಿನ ಅದೇ ಸಾಲು ಬಂತು. ಹೀಗೆ ಹದಿನಾಲ್ಕು ಕಾರ್ಡುಗಳು. ಅಕ್ಷರ ಮಾತ್ರ ವರ್ಷದಿಂದ ವರ್ಷಕ್ಕೆ ದುಂಡಗಾಗುತ್ತ ಬಂತು. ತಪ್ಪು ನನ್ನದು ಎಂದು ಒಂದು ಪ್ರಮಾಣಪತ್ರ ಬರೆದುಕೊಟ್ಟಿದ್ದರೆ ಕೇಸನ್ನು ಮತ್ತೆ ತೆರೆಸಬಹುದಿತ್ತು. ಕೋಟು ಬಿಚ್ಚಿಡಬೇಕಾಗುತ್ತಿತ್ತು, ಅಷ್ಟೇ. ಆ ಅಷ್ಟು ನನ್ನಿಂದ ಆಗಲಿಲ್ಲ.

ನಾಲ್ಕು ವರ್ಷದ ಹಿಂದೆ, ನಡತೆ ಒಳ್ಳೆಯದೆಂದು ಅವನನ್ನು ಬಿಟ್ಟರು. ಆ ವರ್ಷದ ಕಾರ್ಡಿನಲ್ಲಿ ಸಾಲು ಬದಲಾಗಿತ್ತು. ಊರಿನ ದೊಡ್ಡ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಗಡಿಯಾರ ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ತಾನೂ ಅಲ್ಲಿ ರಕ್ತ ಕೊಡುತ್ತೇನೆ, ಈ ಗುಂಪಿನವರು ಬೇಕೆಂದಾಗ ತುರ್ತಾಗಿ ಕರೆಸಲು ಹೆಸರು, ವಿಳಾಸ ಬರೆದಿಟ್ಟ ಒಂದು ಪುಸ್ತಕ ಅಲ್ಲಿದೆ ಎಂದು ಬರೆದಿದ್ದ. ಕೆಳಗೆ ಒಂದು ಅಂಕಿ: ಇಪ್ಪತ್ತಮೂರು.

ಮರುವರ್ಷ ಬರೀ ಅಂಕಿ. ಹದಿನೈದು. ಅದರ ಮುಂದಿನ ವರ್ಷ ಒಂಬತ್ತು. ಹೋದ ವರ್ಷ ನಾಲ್ಕು. ಅವನು ಒಬ್ಬೊಬ್ಬರ ಮನೆಗೂ ಹೋಗುತ್ತಿದ್ದಾನೆ ಎಂದು ನನಗೆ ಅರ್ಥವಾಗಲು ಹೊತ್ತು ಹಿಡಿಯಿತು. ಆಗ ಮಕ್ಕಳಾಗಿದ್ದವರನ್ನು, ಆಗ ಈ ಊರಿನಲ್ಲೇ ಇಲ್ಲದವರನ್ನು, ಆ ಸಂಜೆ ಬೇರೆಲ್ಲೋ ಇದ್ದೆ ಎಂದು ತೋರಿಸಬಲ್ಲವರನ್ನು ಹೊಡೆದುಹಾಕುತ್ತ ಬಂದಿದ್ದಾನೆ. ಗಡಿಯಾರ ಇಲ್ಲದ ಮನೆ ಯಾವುದು? ರಿಪೇರಿಯವನಿಗೆ ಬಾಗಿಲು ತೆರೆಯದವರು ಯಾರು?

ಈ ವರ್ಷದ ಕಾರ್ಡು ಹೋದ ಸೋಮವಾರ ಬಂತು. 'ಇಬ್ಬರು ಉಳಿದಿದ್ದಾರೆ. ಅವರಲ್ಲಿ ಒಬ್ಬ ನಾನು.'

ಆ ಇನ್ನೊಬ್ಬರು ಯಾರೋ ನನಗೇನು ಗೊತ್ತು. ಆದರೆ ಇಷ್ಟು ಗೊತ್ತು: ಗಡಿಯಾರದವನು ಈಗ ನಾವು ಮಾಡಿದ ತಪ್ಪನ್ನೇ ಮಾಡುತ್ತಿದ್ದಾನೆ. ಆ ಪುಸ್ತಕದಲ್ಲಿ ಇರುವುದು ರಕ್ತ ಕೊಟ್ಟವರ ಹೆಸರು ಮಾತ್ರ. ಎಂದೂ ರಕ್ತ ಕೊಡದವರು, ತಮ್ಮ ಗುಂಪು ಯಾವುದೆಂದೇ ಗೊತ್ತಿಲ್ಲದವರು ಇನ್ನೆಷ್ಟು ಜನ ಹೊರಗಿದ್ದಾರೋ! ಆ ಮುದುಕಿಯನ್ನು ಕೊಂದವನು ಆಸ್ಪತ್ರೆಗೆ ಹೋಗಿ ತೋಳು ಚಾಚಿ ಮಲಗಿ ಹೆಸರು, ವಿಳಾಸ ಬರೆಸಿಬಂದಿರುತ್ತಾನೆಯೇ? ಐವತ್ತನ್ನು ಇಪ್ಪತ್ತಮೂರು ಎಂದುಕೊಂಡು ಕಳೆಯುತ್ತ ಬಂದರೆ ಕೊನೆಗೆ ಯಾರೋ ಒಬ್ಬರು ಉಳಿದೇ ಉಳಿಯುತ್ತಾರೆ. ಉಳಿದವರೇ ಕೊಲೆಗಾರ ಎಂದಾಗುವುದಿಲ್ಲ. ಇದನ್ನು ಅವನಿಗೆ ಹೇಳಬೇಕಾದವಳು ನಾನು, ಯಾವ ಬಾಯಲ್ಲಿ ಹೇಳಲಿ?

ಅದಕ್ಕೇ ಸೋಮವಾರದ ಮಾತು. ನೀನು ಗೆಲ್ಲುತ್ತೀಯ, ನನಗೆ ಅನುಮಾನವಿಲ್ಲ. ಎದುರಿನ ವಕೀಲ ನನ್ನಂಥವನೇ ಇರುತ್ತಾನೆ, 'ಪ್ರಶ್ನೆಗಳಿಲ್ಲ' ಎನ್ನುತ್ತಾನೆ. ನಿನಗೆ ಭಡ್ತಿ ಸಿಗುತ್ತದೆ. ಆಮೇಲೆ ಒಂದು ದಿನ ನಿನ್ನ ಮನೆಗೊಂದು ಕಾರ್ಡು ಬರುತ್ತದೆ. ಬೇಡ. ಏಳನೆಯ ಪುಟವನ್ನು ಹರಿದುಹಾಕು. ಆ ಮೂವತ್ತಾರು ವಾಹನಗಳಲ್ಲಿ ಲಾರಿಗಳೆಷ್ಟು, ಅಂದು ಆ ರಸ್ತೆಗೆ ಬಂದಿರಬಹುದಾದವು ಎಷ್ಟು ಎಂದು ಪೊಲೀಸರನ್ನು ಕೇಳು. ಅವರು ಹುಡುಕಿಲ್ಲ ಎಂದರೆ ಹುಡುಕಿಸು. ಎಷ್ಟು ಎಂದು ಕೇಳಬೇಡ, ಎಷ್ಟರಲ್ಲಿ ಎಂದು ಕೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕನ್ನಡಕದ ನಂಬರು ಬದಲಾಗಿದೆ ಎಂದಿದ್ದೆಯಲ್ಲ, ತೋರಿಸಿಕೊಂಡು ಬಾ.

ಇಷ್ಟು ತಡವಾಗಿ ಪಾಠ ಒಪ್ಪಿಸಿದ,
ನಿನ್ನ ಅಮ್ಮ

ಮರೆತ ಮಾತು: ಮರೆತದ್ದಲ್ಲ. ಬಿಟ್ಟದ್ದು.

ಸಹಿ ಹಾಕಿ ಲಕೋಟೆಗೆ ಅಂಟು ಹಚ್ಚಿದ್ದೆ. ಮತ್ತೆ ಬಿಚ್ಚಿದ್ದೇನೆ. 'ಆ ಇನ್ನೊಬ್ಬರು ಯಾರೋ ನನಗೇನು ಗೊತ್ತು' ಎಂದು ಮೇಲೆ ಬರೆದದ್ದು ಸುಳ್ಳು. ಜಂಬಕ್ಕೆ ವರದಿ ತೋರಿಸಲಿಲ್ಲ ಎಂದದ್ದೂ ಸುಳ್ಳು. ಊಟದ ನಡುವೆ ಬರುತ್ತಿದ್ದ ಫೋನುಗಳು ಶಾಲೆಯಿಂದಲ್ಲ, ಬ್ಲಡ್ ಬ್ಯಾಂಕಿನಿಂದ. ನಿಮ್ಮಪ್ಪನ ರಕ್ತ ಆ ಗುಂಪಿನದು. ಆ ಪುಸ್ತಕದಲ್ಲಿ ನಾಲ್ಕನೆಯ ಹೆಸರು ಅವರದು. ರಕ್ತ ಕೊಟ್ಟದ್ದನ್ನು ಹೇಳಿಕೊಂಡು ತಿರುಗುವುದು ಬೇಡ ಎಂದು ಅವರು ನಿನಗೂ ಹೇಳಲು ಬಿಡುತ್ತಿರಲಿಲ್ಲ.

ತಜ್ಞರನ್ನು 'ಊರಿನಲ್ಲಿ ಇನ್ನೂ ಎಷ್ಟು ಜನ' ಎಂದು ನಾನು ಕೇಳಿದ್ದರೆ ಮರುದಿನ ಆ ಪುಸ್ತಕ ಕೋರ್ಟಿಗೆ ಬರುತ್ತಿತ್ತು. ಕೇಸನ್ನಾದರೂ ಬಿಟ್ಟುಕೊಡಬಹುದಿತ್ತು. ಏಕೆ ಬಿಟ್ಟಿರಿ ಎಂದು ಕೇಳಿದರೆ? ಕೊಲೆಯಾದ ಸಂಜೆ ನಿಮ್ಮಪ್ಪ ಮನೆಗೆ ತಡವಾಗಿ ಬಂದಿದ್ದರು. ಎಲ್ಲಿಗೆ ಹೋಗಿದ್ದರೋ ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಹೆಗಲಲ್ಲ, ಅವರ ಹೆಗಲು ನೋಡಿದೆ. ಎಂಟು ಸಾವಿರಕ್ಕೆ ಒಬ್ಬರು ಎಂಬ ಮಾತು ಕೋರ್ಟಿನಲ್ಲಿ ಗಡಿಯಾರದವನಿಗೆ ಶಿಕ್ಷೆ ಕೊಟ್ಟಿತು, ಮನೆಗೆ ಬಂದು ನಿಮ್ಮಪ್ಪನಿಗೂ ಕೊಟ್ಟಿತು. ಅವರನ್ನು ಯಾಕೆ ಬಿಟ್ಟು ಬಂದೆ ಎಂದು ಎಂಟು ವರ್ಷದ ನೀನು ಅಳುತ್ತ ಕೇಳುತ್ತಿದ್ದೆಯಲ್ಲ, ಇದಕ್ಕೆ. ಒಂದೇ ಒಂದು ಭಾಗಾಕಾರ ಮಾಡಿದ್ದರೆ ಅವರೂ ಐವತ್ತರಲ್ಲಿ ಒಬ್ಬರಷ್ಟೇ ಎಂದು ತಿಳಿಯುತ್ತಿತ್ತು. ಮಾಡಿದ ಮೇಲೂ ಹಿಂತಿರುಗಿ ಹೋಗುವ ಧೈರ್ಯ ಬರಲಿಲ್ಲ. ಐವತ್ತರಲ್ಲಿ ಒಂದು ಎಂದರೆ ಸೊನ್ನೆಯಲ್ಲವಲ್ಲ ಎಂದು ಮನಸ್ಸು ಕುಟುಕುತ್ತಿತ್ತು. ನಲವತ್ತೊಂಬತ್ತು ಪಾಲು ಪಕ್ಕದಲ್ಲೇ ಇತ್ತು, ಅದನ್ನು ನೋಡಲಿಲ್ಲ.

ಈಗ, ಹತ್ತು ನಿಮಿಷದ ಹಿಂದೆ, ಅವರಿಗೆ ಫೋನ್ ಮಾಡಿದೆ. ಧ್ವನಿ ಗುರುತು ಹಿಡಿದರು. 'ಹತ್ತೊಂಬತ್ತು ವರ್ಷ ಆಯ್ತಲ್ಲೇ' ಎಂದರು. ನಾನು ಬೇರೇನೂ ಮಾತಾಡದೆ, ಆ ಸಂಜೆ ನೀವು ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದೆ. ಹಿಂದೆ ಗಡಿಯಾರದ ಸದ್ದು ಕೇಳುತ್ತಿತ್ತು. 'ಇವತ್ತು ಇದನ್ನ ಕೇಳ್ತಿರೋರಲ್ಲಿ ನೀನು ಎರಡನೆಯವಳು' ಎಂದರು. 'ಮೊದಲನೆಯವರು ಇಲ್ಲೇ ಕೂತಿದಾರೆ. ಗಡಿಯಾರಕ್ಕೆ ಕೀ ಕೊಡೋಕೆ ಬಂದ್ರು. ಅವರಿಗೆ ಉತ್ತರ ಹೇಳಿ ಆಮೇಲೆ ನಿನಗೆ ಮಾಡ್ತೀನಿ, ಇರು.'

ಅವರು ಮತ್ತೆ ಮಾಡಲಿಲ್ಲ. ನಾನು ಮಾಡಿದರೆ ಗಂಟೆ ಬಡಿಯುತ್ತಲೇ ಇದೆ, ಯಾರೂ ಫೋನ್ ಎತ್ತುತ್ತಿಲ್ಲ. ಪೊಲೀಸರಿಗೆ ಹೇಳಿದ್ದೇನೆ. ಅವರು ನನ್ನ ಹೆಸರು ಕೇಳಿದರು, ವಿಳಾಸ ಕೇಳಿದರು, ಏನಾಗಿದೆ ಎಂದು ಕೇಳಿದರು. ಇನ್ನೂ ಏನೂ ಆಗಿಲ್ಲ ಎಂದೆ. ನಿನ್ನ ಫೋನು ಕೋರ್ಟಿನಲ್ಲಿ ಬಂದ್ ಆಗಿದೆ. ಟೈಪಿಸ್ಟ್ ಬಾಗಿಲಲ್ಲಿ ನಿಂತಿದ್ದಾಳೆ. ಇದನ್ನು ಸಂಜೆಗೆಂದು ಇಟ್ಟುಕೊಳ್ಳದೆ ನಿನ್ನನ್ನು ಕೋರ್ಟಿನಿಂದ ಎಬ್ಬಿಸಿಯಾದರೂ ಕೊಡು ಎಂದು ಅವಳಿಗೆ ಹೇಳಿ ಕಳಿಸುತ್ತಿದ್ದೇನೆ. ಪಿನ್ನು ಹಾಕಿದ ಆ ಹಾಳೆಗಳನ್ನು ಕಡತದಿಂದ ತೆಗೆದು ಕೈಚೀಲಕ್ಕೆ ಹಾಕಿಕೊಂಡಿದ್ದೇನೆ, ಗಡಿಯಾರದವನ ಮುಂದೆ ಬಿಚ್ಚುವುದಕ್ಕೆ. ನಾನು ನಿಮ್ಮಪ್ಪನ ಮನೆಗೆ ಹೊರಟೆ. ನೀನೂ ಬಾ.